ಪ್ರಣಯಭಂಗವೂ ನ್ಯಾಯಸ್ಥಾನವೂ



ಒಬ್ಬ ತರುಣನು ಒಬ್ಬಳಿಗೆ ಮದುವೆಯಾಗುವೆನೆಂದು ಮಾತು ಕೊಟ್ಟು, ಮೂರು ನಾಲ್ಕು ವರ್ಷ ಆ ಮಾತನ್ನೇ ನಂಬಿಸಿಕೊಂಡು ಬಂದು, ಕೊನೆಗೊಂದು ದಿನ ಹಿಂದೆಗೆದನೆಂದು ಇಟ್ಟುಕೊಳ್ಳಿರಿ. ಅವಳ ಒಡವೆ ಕಳವಾಗಿಲ್ಲ. ಮೈಮೇಲೆ ಪೆಟ್ಟು ಬಿದ್ದ ಗುರುತಿಲ್ಲ. ಆದರೆ ಊಟ ನಿದ್ರೆಗಳು ತಪ್ಪಿವೆ, ಓದು ನಿಂತಿದೆ, ನೆಂಟರಿಷ್ಟರ ಮುಂದೆ ಬರಲು ಅವಳಿಗೆ ಮನಸ್ಸಿಲ್ಲ. ಈ ನೋವಿಗೆ ನ್ಯಾಯಸ್ಥಾನದಲ್ಲಿ ಪರಿಹಾರವುಂಟೆ? ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಚಿತ್ರದುರ್ಗಕ್ಕೆ ಬಂದು ವಕೀಲರ ಮನೆಯ ಜಗುಲಿಯಲ್ಲಿ ಕುಳಿತುಕೊಳ್ಳುವ ತಂದೆಯು ಕೇಳುವುದು ಇಷ್ಟು ಬಿಡಿಸಿ ಅಲ್ಲ. "ಸ್ವಾಮೀ, ಅವನ ಮೇಲೆ ಕೇಸು ಹಾಕಬಹುದೋ?" ಎಂದಷ್ಟೇ ಅವನು ಕೇಳುತ್ತಾನೆ. ಹಾಕಬಹುದು, ಹಾಕಲಾಗದು ಎಂಬ ಒಂದೇ ಮಾತಿನ ಉತ್ತರ ಇದಕ್ಕಿಲ್ಲ. ಯಾವ ಬಾಗಿಲನ್ನು ತಟ್ಟಿದರೆ ಏನು ದೊರೆಯುವುದು, ಏನು ದೊರೆಯಲಾರದು ಎಂಬುದನ್ನು ಈ ಹೊತ್ತು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ನಮ್ಮ ನಾಡಿಗೆ ಈ ವಿಷಯ ಹೊಸದಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಎಂದರೆ ಒಂಬೈನೂರು ವರ್ಷಗಳ ಹಿಂದೆ, ಕಲ್ಯಾಣ ಪಟ್ಟಣದಲ್ಲಿ ಕುಳಿತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ಬಂಗಾಳ ಮೊದಲಾದ ಕೆಲವು ಪ್ರಾಂತಗಳನ್ನು ಬಿಟ್ಟರೆ ಹಿಂದೂಗಳ ದಾಯಭಾಗಕ್ಕೆ ಬಹುಕಾಲ ಆಧಾರವಾಗಿದ್ದುದು ಈ ಕನ್ನಡನಾಡಿನ ಗ್ರಂಥವೇ. ಕನ್ಯೆಯನ್ನು ಕೊಡುವೆನೆಂದು ಮಾತಿತ್ತು ಹಿಂದೆಗೆದವನು ದಂಡಕ್ಕೆ ಗುರಿಯಾಗುವನಲ್ಲದೆ, ಎದುರು ಪಕ್ಷದವರು ಮಾಡಿದ ವೆಚ್ಚವನ್ನು ಬಡ್ಡಿಸಹಿತ ತೆರಬೇಕೆಂದು ಅಲ್ಲಿ ವಿಧಿಸಿದೆ. ವರನಲ್ಲಿ ದೋಷ ಕಂಡುಬಂದರೆ ಹಿಂದೆಗೆಯಬಹುದೆಂಬ ವಿನಾಯಿತಿಯೂ ಉಂಟು. ಆ ಶಾಸ್ತ್ರಕಾರರು ವೆಚ್ಚವನ್ನು ಎಣಿಸಿದರು, ಬಡ್ಡಿಯನ್ನೂ ಎಣಿಸಿದರು. ಹುಡುಗಿಯ ದುಃಖಕ್ಕೆ ಇಷ್ಟು ಹಣವೆಂದು ಎಲ್ಲಿಯೂ ಕಟ್ಟಲಿಲ್ಲ. ಅದು ಅವರ ಕಠೋರತೆಯೋ ವಿವೇಕವೋ ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಹಳ್ಳಿಗಳ ಕುಲಪಂಚಾಯಿತಿಗಳೂ ಇದೇ ಜಾಡಿನಲ್ಲಿ ನಡೆದವು: ವೀಳ್ಯಶಾಸ್ತ್ರವಾದ ಮೇಲೆ ಮಾತು ತಪ್ಪಿದವರು ತಪ್ಪುದಂಡ ಕಟ್ಟಿ, ಕೊಟ್ಟದ್ದನ್ನು ಹಿಂದಿರುಗಿಸಿ ಕೈತೊಳೆದುಕೊಳ್ಳಬೇಕು.

ಇಂಗ್ಲೆಂಡಿನಲ್ಲಿ ಕ್ರಮ ಬೇರೆಯಾಗಿತ್ತು. ಅಲ್ಲಿ ವಿವಾಹದ ವಾಗ್ದಾನವನ್ನು ಮುರಿದವನ ಮೇಲೆ ದಾವೆ ಹೂಡಿ, ಖರ್ಚಿಗೆ ಮಾತ್ರವಲ್ಲದೆ ನೊಂದ ಮನಸ್ಸಿಗೂ ಹಣ ಪಡೆಯಬಹುದಾಗಿತ್ತು. ಸಾಮಾನ್ಯ ಕರಾರಿನ ಭಂಗಕ್ಕೆ ಮನೋವ್ಯಥೆಯ ಲೆಕ್ಕ ಹಿಡಿಯದ ಆ ದೇಶದ ಕಾನೂನು ಇದೊಂದರಲ್ಲಿ ಸಡಿಲಬಿಟ್ಟಿತ್ತು. ಮೊತ್ತವನ್ನು ಕಟ್ಟುವವರು ಪಂಚರಾದುದರಿಂದ ಕಣ್ಣೀರಿಗೆ ಬೆಲೆ ಹೆಚ್ಚಾಗಿ ಬರುತ್ತಿತ್ತು. ಡಿಕನ್ಸ್ ಕವಿಯ ಪಿಕ್‌ವಿಕ್ ಮಹಾಶಯನು, ಮನೆಯೊಡತಿಯೊಡನೆ ಆಡಿದ ಒಂದು ಸಾಧಾರಣ ಮಾತಿಗಾಗಿ 750 ಪೌಂಡು ತೆರಬೇಕಾಗಿ ಬಂದುದನ್ನು ಓದಿ ನಕ್ಕವರು ನಮ್ಮಲ್ಲೂ ಬಹುಮಂದಿ ಇದ್ದಾರೆ. ಹೆದರಿಸಿ ಹಣ ಕೀಳುವವರಿಗೆ ಈ ದಾವೆ ಅನುಕೂಲವೆಂದೂ, ಮನಸ್ಸಿಲ್ಲದವನನ್ನು ಹೆದರಿಸಿ ಮಂಟಪಕ್ಕೆ ಕರೆತರುವುದು ಯಾರಿಗೂ ಹಿತವಲ್ಲವೆಂದೂ ಕಂಡುಕೊಂಡು, ಅಲ್ಲಿನ ಪಾರ್ಲಿಮೆಂಟು 1970ರ ಶಾಸನದಿಂದ ಅದನ್ನು ತೆಗೆದುಹಾಕಿತು.

ಭಾರತದಲ್ಲಿ ಹಾಗೆ ತೆಗೆದುಹಾಕುವ ಶಾಸನ ಯಾವುದೂ ಆಗಿಲ್ಲ. ಮದುವೆಯಾಗುವೆನೆಂಬ ಪರಸ್ಪರ ಒಪ್ಪಿಗೆಯು 1872ರ ಕರಾರು ಶಾಸನದ ಮಟ್ಟಿಗೆ ಒಂದು ಕರಾರು. ಹಿರಿಯರು ಅಪ್ರಾಪ್ತವಯಸ್ಕಳಿಗಾಗಿ ಮಾಡಿದ ವಿವಾಹದ ಕರಾರಿನ ಮೇಲೆ ಆ ಹುಡುಗಿಯೇ ದಾವೆ ಹೂಡಬಹುದೆಂದು ಮುಂಬಯಿ ಹೈಕೋರ್ಟು 1924ರಲ್ಲಿಯೇ ಹೇಳಿದೆ. ಆದರೆ "ಮದುವೆಯಾಗು" ಎಂದು ಯಾವ ನ್ಯಾಯಾಧೀಶನೂ ಆಜ್ಞೆ ಮಾಡಲಾರನು. ಕಲ್ಕತ್ತೆಯ ಹೈಕೋರ್ಟು 1875ರಲ್ಲಿಯೇ ಅದನ್ನು ನಿರಾಕರಿಸಿತು. ಕೇಳಬಹುದಾದದ್ದು ನಷ್ಟಪರಿಹಾರವೊಂದೇ. ಆ ಶಾಸನದ 73ನೆಯ ಕಲಮಿನಂತೆ, ಕರಾರು ಮುರಿದುದರಿಂದ ಸಹಜವಾಗಿ ಒದಗುವ ನಷ್ಟಕ್ಕೆ ಪರಿಹಾರವುಂಟು, ದೂರದ ಪರಿಣಾಮಗಳಿಗೆ ಇಲ್ಲ. ಕಲ್ಯಾಣಮಂಟಪಕ್ಕೆ ಕೊಟ್ಟ ಮುಂಗಡ, ಅಚ್ಚಾದ ಲಗ್ನಪತ್ರಿಕೆ, ಮೊಳಕಾಲ್ಮೂರಿನಿಂದ ತಂದ ರೇಷ್ಮೆಸೀರೆಗಳು, ಮದುವೆಗೆಂದು ಬಿಟ್ಟ ಉದ್ಯೋಗ, ಇವೆಲ್ಲಕ್ಕೂ ರಸೀತಿಯೋ ಸಾಕ್ಷಿಯೋ ಇದ್ದರೆ ಲೆಕ್ಕ ಸುಲಭ. ಮನಸ್ಸಿನ ವ್ಯಥೆಗೆ ರಸೀತಿಯಿಲ್ಲ. ಅದನ್ನು ಕೇಳಬಾರದೆಂದಲ್ಲ, ಕೇಳಿದ ಮೇಲೆ ರುಜುವಾತು ಪಡಿಸಬೇಕು, ಪಾಟೀಸವಾಲಿಗೆ ನಿಲ್ಲಬೇಕು. ನೀನು ಅವನಿಗೆ ಏನು ಬರೆದೆ, ಎಲ್ಲೆಲ್ಲಿ ಭೇಟಿಯಾದೆ, ಇದಕ್ಕೆ ಮೊದಲು ಬೇರೆ ಸಂಬಂಧವಿತ್ತೇ ಎಂದು ಎದುರು ವಕೀಲನು ತೆರೆದ ಸಭೆಯಲ್ಲಿ ಕೇಳುವಾಗ ಆಗುವ ನೋವು ಮೊದಲಿನ ನೋವಿಗಿಂತ ಕಡಿಮೆಯದೆಂದು ಹೇಳಲಾರೆ.

ಇಲ್ಲಿ ಇನ್ನೆರಡು ಸಂಗತಿಗಳನ್ನು ತಿಳಿದಿರಬೇಕು. ಕರಾರುಭಂಗದ ದಾವೆಗೆ 1963ರ ಕಾಲಪರಿಮಿತಿ ಶಾಸನವು ಮೂರು ವರ್ಷಗಳ ಗಡುವನ್ನು ಇಟ್ಟಿದೆ; ಮಾತು ಮುರಿದ ದಿನದಿಂದ ಎಣಿಕೆ. ಕೇಳುವ ಹಣಕ್ಕೆ ತಕ್ಕಂತೆ ನ್ಯಾಯಾಲಯಶುಲ್ಕವನ್ನೂ ಕಟ್ಟಬೇಕು. ಆವೇಶದಲ್ಲಿ ಐವತ್ತು ಲಕ್ಷವೆಂದು ಬರೆಸುವವರು ಶುಲ್ಕದ ಲೆಕ್ಕವನ್ನು ನೋಡಿದ ಕೂಡಲೇ ಐದು ಲಕ್ಷಕ್ಕೆ ಇಳಿಯುವುದುಂಟು.

ಪ್ರೇಮಿಗಳು ಸಾಮಾನ್ಯವಾಗಿ ಆಡುವ ಮಾತೊಂದಿದೆ: "ನಿನ್ನನ್ನಲ್ಲದೆ ಇನ್ನಾರನ್ನೂ ಮದುವೆಯಾಗೆನು." ಕೇಳಲು ಇದಕ್ಕಿಂತ ಗಟ್ಟಿಯಾದ ವಚನವಿಲ್ಲ. ಆದರೆ 1768ರಲ್ಲಿ ಇಂಗ್ಲೆಂಡಿನಲ್ಲಿ ಒಬ್ಬನು ಇದನ್ನೇ ಕಾಗದದಲ್ಲಿ ಬರೆದು, ತಪ್ಪಿದರೆ ಸಾವಿರ ಪೌಂಡು ಕೊಡುವೆನೆಂದು ರುಜುಮಾಡಿಕೊಟ್ಟಿದ್ದನು. ಆ ಪತ್ರ ನಿರರ್ಥಕವೆಂದು ನ್ಯಾಯಸ್ಥಾನ ತೀರ್ಮಾನಿಸಿತು. ಏಕೆಂದರೆ ಅದರಲ್ಲಿ ಬೇರೆಯವರನ್ನು ಆಗುವುದಿಲ್ಲವೆಂದಿತ್ತೇ ಹೊರತು ಇವಳನ್ನು ಆಗುವೆನೆಂದು ಇರಲಿಲ್ಲ! ನಮ್ಮ ಕರಾರು ಶಾಸನದ 26ನೆಯ ಕಲಮು ಸಹ, ಪ್ರಾಪ್ತವಯಸ್ಕರ ಮದುವೆಗೆ ಅಡ್ಡಿಪಡಿಸುವ ಒಪ್ಪಂದವನ್ನು ಶೂನ್ಯವೆನ್ನುತ್ತದೆ.

ಇಷ್ಟು ನಾಗರಿಕ ದಾವೆಯ ಮಾತು. ವಾಸ್ತವದಲ್ಲಿ ನಮ್ಮ ಜನ ಈ ದಾರಿಯನ್ನು ಹಿಡಿಯುವುದು ವಿರಳ. ನೇರವಾಗಿ ಪೊಲೀಸ್ ಠಾಣೆಗೆ ಹೋಗುತ್ತಾರೆ. ಠಾಣೆಯಲ್ಲಿ ಶುಲ್ಕವಿಲ್ಲ, ಎದುರಾಳಿಗೆ ಭಯ ಹುಟ್ಟುವುದೂ ಬೇಗ. ಆದರೆ ದಂಡಶಾಸನ ಕೇಳುವ ಪ್ರಶ್ನೆಯೇ ಬೇರೆ. ಮಾತು ತಪ್ಪಿದನೇ ಎಂದು ಅದು ಕೇಳುವುದಿಲ್ಲ. ಮಾತು ಕೊಟ್ಟ ಹೊತ್ತಿನಲ್ಲಿಯೇ ಅವನ ಮನಸ್ಸಿನಲ್ಲಿ ವಂಚನೆ ಇತ್ತೇ ಎಂದು ಕೇಳುತ್ತದೆ.

ಈ ಭೇದವನ್ನು ದುರ್ಗದವರಿಗೆ ದುರ್ಗದ ಕಥೆಯಿಂದಲೇ ತಿಳಿಸಬಹುದು. ತಳುಕಿನ ಮನೆತನದ ತ.ರಾ.ಸುಬ್ಬರಾಯರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು ಚಿತ್ರದುರ್ಗದ ಕಲ್ಲುಬೆಟ್ಟಗಳ ನಡುವೆ ತೆಗೆದ 'ನಾಗರಹಾವು' ಚಿತ್ರ 1972ರಲ್ಲಿ ತೆರೆಕಂಡಿತು. ರಾಮಾಚಾರಿ ಅಲಮೇಲುವನ್ನು ಬಿಟ್ಟುಕೊಟ್ಟದ್ದು ಚಾಮಯ್ಯ ಮೇಷ್ಟರ ಮಾತಿಗಾಗಿ. ಅವನು ಸುಳ್ಳುಗಾರನಲ್ಲ, ಪ್ರೀತಿಸಿದ ದಿನ ನಿಜವಾಗಿಯೇ ಪ್ರೀತಿಸಿದ್ದನು. ಆದರೂ ಅಲಮೇಲುವಿನ ಬಾಳು ಹಾಳಾಯಿತು. ದಂಡಶಾಸನದ ಕಣ್ಣಿನಲ್ಲಿ ಇಲ್ಲಿ ಅಪರಾಧವಿಲ್ಲ, ಅಪರಾಧಿಯೂ ಇಲ್ಲ. ನಮ್ಮಲ್ಲಿ ಮುರಿದುಬೀಳುವ ಪ್ರಣಯಗಳಲ್ಲಿ ಹೆಚ್ಚಿನವು ಈ ಜಾತಿಯವೇ: ಹುಡುಗನು ಮೋಸಗಾರನಲ್ಲ, ಅಪ್ಪನ ಮುಂದೆ ನಿಂತು ಮಾತನಾಡಲಾರದವನು. ಹೇಡಿತನಕ್ಕೆ ದಂಡಸಂಹಿತೆಯಲ್ಲಿ ಕಲಮಿಲ್ಲ.

ಕರ್ನಾಟಕದಿಂದಲೇ ಸರ್ವೋಚ್ಚ ನ್ಯಾಯಾಲಯದವರೆಗೆ ಹೋದ ಮೂರು ಮೊಕದ್ದಮೆಗಳು ಈ ವಿಷಯದ ಬೇರೆ ಬೇರೆ ಮುಖಗಳನ್ನು ತೋರಿಸುತ್ತವೆ. ಕಕ್ಷಿಗಾರರ ಹೆಸರುಗಳು ನಮಗೆ ಬೇಡ.

ಮೊದಲನೆಯದು 2003ರ ಫೆಬ್ರವರಿಯಲ್ಲಿ ತೀರ್ಮಾನವಾಯಿತು. ಹತ್ತೊಂಬತ್ತು ವರ್ಷದ ಕಾಲೇಜು ವಿದ್ಯಾರ್ಥಿನಿ, ನೆರೆಮನೆಯ ಯುವಕ, ಬೇರೆ ಬೇರೆ ಜಾತಿ. ಮದುವೆಯ ಮಾತಿನ ಮೇಲೆ ಬೆಳೆದ ಸಂಬಂಧದಲ್ಲಿ ಅವಳು ಗರ್ಭಿಣಿಯಾದಳು, ಮದುವೆ ನಡೆಯಲಿಲ್ಲ. ಕೆಳಗಿನ ನ್ಯಾಯಸ್ಥಾನಗಳು ಅತ್ಯಾಚಾರದ ಅಪರಾಧಕ್ಕೆ ಶಿಕ್ಷೆ ವಿಧಿಸಿದ್ದವು. ಸರ್ವೋಚ್ಚ ನ್ಯಾಯಾಲಯ ಬಿಡುಗಡೆ ಮಾಡಿತು. ಅವಳು ತಿಳಿವಳಿಕೆಯುಳ್ಳವಳು, ಜಾತಿಯ ಕಾರಣದಿಂದ ವಿರೋಧ ಬರುವುದನ್ನು ಅರಿತವಳು, ಕೇವಲ ವಾಗ್ದಾನಕ್ಕಾಗಿಯಲ್ಲದೆ ಪ್ರೀತಿಯಿಂದಲೂ ಒಪ್ಪಿದವಳು ಎಂಬುದು ಕಾರಣ. ಪ್ರತಿಯೊಂದು ಸಂದರ್ಭವನ್ನೂ ಅದರದರ ಸಾಕ್ಷ್ಯದಿಂದಲೇ ತೂಗಬೇಕು, ಎಲ್ಲಕ್ಕೂ ಹೊಂದುವ ಅಳತೆಗೋಲಿಲ್ಲವೆಂದೂ ಹೇಳಿತು. 2019ರಲ್ಲಿ ಮಹಾರಾಷ್ಟ್ರದಿಂದ ಬಂದ ಇನ್ನೊಂದು ಮೊಕದ್ದಮೆಯಲ್ಲಿ ಈ ನಿಯಮ ಸ್ಪಷ್ಟವಾಯಿತು: ಸುಳ್ಳು ವಾಗ್ದಾನ ಬೇರೆ, ನಡೆಸಲಾಗದೆ ಹೋದ ವಾಗ್ದಾನ ಬೇರೆ. ಈ ತೀರ್ಪುಗಳಲ್ಲಿ ತರ್ಕದೋಷವಿಲ್ಲ. ಆದರೆ ಹತ್ತೊಂಬತ್ತು ವರ್ಷದವಳಿಗೆ ಜಾತಿಯ ಅಡ್ಡಿ ಮೊದಲೇ ಗೊತ್ತಿತ್ತೆಂದು ಹೇಳುವಾಗ, ಆ ಅಡ್ಡಿ ಯುವಕನಿಗೂ ಮೊದಲೇ ಗೊತ್ತಿತ್ತೆಂಬುದನ್ನು ಅಷ್ಟೇ ಬಲವಾಗಿ ತೂಗಬೇಕಾಗಿತ್ತೆಂದು ನನ್ನ ಭಾವನೆ.

ಎರಡನೆಯದು 2013ರ ನವೆಂಬರಿನದು, ಬೆಂಗಳೂರಿನಿಂದ ಹೋದದ್ದು. 2005ರ ಕೌಟುಂಬಿಕ ಹಿಂಸೆಯ ಶಾಸನದ 22ನೆಯ ಕಲಮಿನಲ್ಲಿ ಮನೋಯಾತನೆಗೂ ಭಾವನಾತ್ಮಕ ಸಂಕಟಕ್ಕೂ ಪರಿಹಾರ ಕೊಡಿಸಬಹುದೆಂದು ಸ್ಪಷ್ಟವಾದ ಅಕ್ಷರಗಳಲ್ಲಿ ಬರೆದಿದೆ. ನಾವು ಹುಡುಕುತ್ತಿರುವ ಮಾತು ಇಷ್ಟು ನೇರವಾಗಿ ಬೇರೆಡೆ ಸಿಕ್ಕುವುದು ಕಷ್ಟ. ಮದುವೆಯಾಗದಿದ್ದರೂ ಒಂದೇ ಮನೆಯಲ್ಲಿ ಮದುವೆಯ ಸ್ವರೂಪದ ಬಾಳು ನಡೆಸಿದ ಹೆಂಗಸಿಗೂ ಇದರ ಆಶ್ರಯವುಂಟು. ಬೆಂಗಳೂರಿನ ಆ ಮಹಿಳೆ 1992ರಿಂದ ಹಲವು ವರ್ಷ ಒಬ್ಬನೊಡನೆ ಬಾಳಿ, ಅವನು ತೊರೆದ ಮೇಲೆ ಮ್ಯಾಜಿಸ್ಟ್ರೇಟರ ಮುಂದೆ ಹೋದಳು. ಅವರು ತಿಂಗಳಿಗೆ 18,000 ರೂಪಾಯಿ ಜೀವನಾಂಶವನ್ನು ವಿಧಿಸಿದರು, ಸೆಷನ್ಸ್ ನ್ಯಾಯಾಲಯವೂ ಎತ್ತಿಹಿಡಿಯಿತು, ಹೈಕೋರ್ಟು ತೆಗೆದುಹಾಕಿತು. ಅವನಿಗೆ ಹೆಂಡತಿ ಮಕ್ಕಳಿರುವುದನ್ನು ತಿಳಿದೇ ಅವಳು ಸೇರಿದಳಾದುದರಿಂದ ಅದು ಮದುವೆಯ ಸ್ವರೂಪದ ಸಂಬಂಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವೂ ಒಪ್ಪಿತು. ಆದರೆ ಇಂತಹ ಹೆಂಗಸರು ನಿರ್ಗತಿಕರಾಗುವುದನ್ನು ಕಂಡು, ಪಾರ್ಲಿಮೆಂಟು ತಕ್ಕ ಶಾಸನವನ್ನು ಆಲೋಚಿಸಬೇಕೆಂದು ಬರೆಯದೆ ಇರಲಿಲ್ಲ. ಒಂದೇ ಮನೆಯಲ್ಲಿ ಬಾಳದ, ಹಿರಿಯೂರಿನ ಹುಡುಗಿಯೂ ಬೆಂಗಳೂರಿನ ಹುಡುಗನೂ ದೂರವಾಣಿಯಲ್ಲಿ ನಡೆಸಿದ ಪ್ರಣಯಕ್ಕಂತೂ ಈ ಶಾಸನ ಅನ್ವಯಿಸದು.

ಮೂರನೆಯದು ಬೆಳಗಾವಿಯ ಕಡೆಯದು, ಮನಸ್ಸು ಕಲಕುವಂಥದು. ಎಂಟು ವರ್ಷ ಒಬ್ಬನನ್ನು ಪ್ರೀತಿಸಿದ ಇಪ್ಪತ್ತೊಂದು ವರ್ಷದ ಯುವತಿ, 2007ರ ಆಗಸ್ಟಿನಲ್ಲಿ ಅವನನ್ನು ಕಂಡು ಮದುವೆಯಾಗೆಂದು ಕೇಳಿ, ಅವನು ಒಲ್ಲೆನೆಂದಾಗ ಪ್ರಾಣ ಕಳೆದುಕೊಂಡಳು. ವಿಚಾರಣೆಯ ನ್ಯಾಯಾಲಯ ಅವನನ್ನು ಬಿಟ್ಟಿತು. ಹೈಕೋರ್ಟು ಆತ್ಮಹತ್ಯೆಗೆ ಪ್ರಚೋದನೆ, ವಂಚನೆ ಎರಡರಲ್ಲೂ ತಪ್ಪಿತಸ್ಥನೆಂದಿತು. 2024ರ ನವೆಂಬರ್ 29ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಪಂಕಜ್ ಮಿಥಲ್, ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಇವರು ಅವನನ್ನು ಬಿಡುಗಡೆ ಮಾಡಿದರು. ಸಂಬಂಧ ಮುರಿಯುವುದು ದುಃಖಕರವಾದರೂ ಅಷ್ಟರಿಂದಲೇ ಅದು ಅಪರಾಧವಾಗದು; ಸಾಯುವಂತೆ ಪ್ರೇರಿಸುವ ಉದ್ದೇಶವೂ ಕೃತ್ಯವೂ ಇರಬೇಕು ಎಂಬುದು ತೀರ್ಪಿನ ಸಾರ. ಮಗನ ಪ್ರಣಯವನ್ನು ಒಪ್ಪದ ತಾಯಿಯ ಮೇಲೆ ಹೊರಿಸಿದ ಇಂತಹದೇ ಆಪಾದನೆಯನ್ನು, ಬಂಗಾಳದ ಒಂದು ಮೊಕದ್ದಮೆಯಲ್ಲಿ, 2025ರ ಜನವರಿಯಲ್ಲಿ ಅದೇ ನ್ಯಾಯಾಲಯ ತಳ್ಳಿಹಾಕಿತು.

2007ರಿಂದ 2024, ಹದಿನೇಳು ವರ್ಷ. ಮಗಳನ್ನು ಕಳೆದುಕೊಂಡ ಮನೆಗೆ ಕೊನೆಗೆ ದೊರೆತುದೇನು? ಆ ಯುವಕನ ಯೌವನವೂ ಕಟಕಟೆಯಲ್ಲಿಯೇ ಕಳೆಯಿತು. ತಾನು ಸತ್ತರೆ ಕಾನೂನು ಅವನಿಗೆ ತಕ್ಕ ಶಾಸ್ತಿ ಮಾಡುವುದೆಂದು ಯಾವುದಾದರೂ ಎಳೆಯ ಮನಸ್ಸು ನೆನೆಯುತ್ತಿದ್ದರೆ, ಆ ಎಣಿಕೆ ತಪ್ಪೆಂದು ಈ ತೀರ್ಪು ತಿಳಿಸುತ್ತದೆ. ರಾತ್ರಿಯ ಹೊತ್ತು ಅಂತಹ ಯೋಚನೆ ಬಂದವರು ವಕೀಲನಿಗಾಗಿ ಬೆಳಗಿನವರೆಗೆ ಕಾಯಬಾರದು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಎಂಬ ಸರ್ಕಾರಿ ವ್ಯವಸ್ಥೆಗೆ 14416 ಎಂಬ ಸಂಖ್ಯೆಯಲ್ಲಿ ಮಾತನಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ.

2024ರ ಜುಲೈ 1ರಿಂದ ಹಳೆಯ ದಂಡಸಂಹಿತೆಗೆ ಬದಲಾಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 69ನೆಯ ಕಲಮು, ನೆರವೇರಿಸುವ ಇಚ್ಛೆಯಿಲ್ಲದೆ ಮದುವೆಯ ವಾಗ್ದಾನವಿತ್ತು ಹೆಂಗಸಿನೊಡನೆ ಶರೀರಸಂಪರ್ಕ ಮಾಡುವುದನ್ನು ಪ್ರತ್ಯೇಕ ಅಪರಾಧವೆಂದು ಎಣಿಸಿ ಹತ್ತು ವರ್ಷದವರೆಗೆ ಸಜೆಯನ್ನು ಇಟ್ಟಿದೆ. ಇಲ್ಲಿಯೂ ಮೊದಲ ದಿನದ ಮನಸ್ಸೇ ಮುಖ್ಯ. ವಂಚನೆಯ ವಿಷಯವಾದ 318ನೆಯ ಕಲಮಿನಲ್ಲಿ, 1860ರ ಸಂಹಿತೆಯಲ್ಲಿದ್ದಂತೆಯೇ, ದೇಹ, ಕೀರ್ತಿ, ಆಸ್ತಿಗಳ ಜೊತೆಗೆ ಮನಸ್ಸಿಗಾಗುವ ಹಾನಿಯನ್ನೂ ಹೆಸರಿಸಿದೆ. ಹಾಗಾದರೆ ಮನಸ್ಸೆಂಬುದು ಕಾನೂನಿಗೆ ಕಾಣದ ವಸ್ತುವಲ್ಲ. ಮೋಸದ ಮೂಲಕ ಗಾಯವಾದಾಗ ಮಾತ್ರ ಅದು ಕಾಣುತ್ತದೆ.

ದುರ್ಬಲವಾದ ಆಪಾದನೆಯನ್ನು ಬಲವಾದ ಕಲಮಿಗೆ ಕಟ್ಟುವುದರಿಂದ ಆಗುವ ಕೇಡನ್ನು ಠಾಣೆಗೆ ಓಡುವವರು ತಿಳಿಯಬೇಕು. ನಿಜವಾಗಿ ಮೋಸಹೋದ ನಾಳೆಯ ಹೆಂಗಸಿನ ಮಾತನ್ನೂ ಅದು ಸಂಶಯಕ್ಕೆ ಒಳಪಡಿಸುತ್ತದೆ. ಹಾಗೆಂದು ಬರಿಯ ಮನೋವ್ಯಥೆಗೆ ಧಾರಾಳವಾಗಿ ಹಣ ಕೊಡಿಸುವ ಇಂಗ್ಲಿಷ್ ಪದ್ಧತಿಯನ್ನು ಇಲ್ಲಿ ತರಬೇಕೆಂದೂ ನಾನು ಹೇಳಲಾರೆ. ತಾಳಿ ಕಟ್ಟುವ ಮುಹೂರ್ತದವರೆಗೂ ಬೇಡವೆನ್ನುವ ಸ್ವಾತಂತ್ರ್ಯ ಇರಬೇಕು. ಆ ಸ್ವಾತಂತ್ರ್ಯದ ಅಗತ್ಯ ಗಂಡಿಗಿಂತ ಹೆಣ್ಣಿಗೆ ಹೆಚ್ಚು. ಮದುವೆಗೆ ಎರಡು ವಾರವಿರುವಾಗ ವರನ ಕುಡಿತವೋ ಕೋಪವೋ ತಿಳಿದು ಹಿಂದೆಗೆಯುವ ಹುಡುಗಿಯ ಮೇಲೂ ದಾವೆಯ ಕತ್ತಿ ತೂಗುವುದಾದರೆ, ಅವಳ ತಂದೆ ಅವಳನ್ನು ಹೇಗಾದರೂ ಒಪ್ಪಿಸಿಯೇ ತೀರುವನು. ಮಾಡಿದ ವೆಚ್ಚಕ್ಕೆ, ಹೋದ ಉದ್ಯೋಗಕ್ಕೆ, ಅಪಪ್ರಚಾರದಿಂದ ಕೆಟ್ಟ ಹೆಸರಿಗೆ ಪರಿಹಾರ ಕೊಡಿಸಲಿ. ವಿರಹಕ್ಕೆ ಬೆಲೆ ಕಟ್ಟುವ ಕೆಲಸವನ್ನು ಶಾಸನ ಕೈಬಿಟ್ಟರೆ ನಾನು ದೂರಲಾರೆ.

ಆದರೆ ಎರಡು ಸಂದರ್ಭಗಳಲ್ಲಿ ಸಂಕೋಚ ಬೇಡ. ವರದಕ್ಷಿಣೆ ಸಾಲದೆಂದು ನಿಶ್ಚಿತಾರ್ಥವನ್ನು ಮುರಿದರೆ 1961ರ ವರದಕ್ಷಿಣೆ ನಿಷೇಧ ಶಾಸನವುಂಟು. ಮದುವೆಗೆ ಮೊದಲು ಕೇಳಿದ್ದೂ ಬೇಡಿಕೆಯೇ ಎಂದು ಸರ್ವೋಚ್ಚ ನ್ಯಾಯಾಲಯ 1996ರಲ್ಲಿ ಹೇಳಿದೆ. ಬೇಡಿಕೆ ರುಜುವಾತಾದರೆ ಸಾಮಾನ್ಯವಾಗಿ ಆರು ತಿಂಗಳಿಗೆ ಕಡಿಮೆಯಿಲ್ಲದ ಸಜೆ. ಇನ್ನೊಂದು, ಪ್ರಣಯ ಮುಗಿದ ಮೇಲೂ ಬೆನ್ನುಹತ್ತುವುದು, ಹಳೆಯ ಭಾವಚಿತ್ರಗಳನ್ನು ಊರಿಗೆಲ್ಲ ತೋರಿಸುವೆನೆಂದು ಬೆದರಿಸುವುದು. ಇದು ಭಗ್ನಪ್ರಣಯವಲ್ಲ, ನೇರವಾದ ಅಪರಾಧ. ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಅದೇ ದಿನ ಠಾಣೆಗೆ ಹೋಗಬೇಕು.

ಉಳಿದ ಮುರಿದ ಮಾತುಗಳಿಗೆಲ್ಲ ಮೊದಲು ಮಾಡಬೇಕಾದದ್ದು ಒಂದು ಪಟ್ಟಿ: ಯಾರು ಯಾರಿಗೆ ಯಾವ ಒಡವೆ ಕೊಟ್ಟರು, ಎಷ್ಟು ಖರ್ಚಾಯಿತು, ಯಾವ ಪತ್ರಗಳಿವೆ. ಅದನ್ನು ಹಿಡಿದುಕೊಂಡು ಚಿತ್ರದುರ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೋ ತಾಲ್ಲೂಕಿನ ಕಾನೂನು ಸೇವಾ ಸಮಿತಿಗೋ ಹೋಗಬಹುದು. 1987ರ ಶಾಸನದಂತೆ ಹೆಂಗಸರಿಗೆ, ಅವರ ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ದಾವೆ ಹೂಡುವ ಮೊದಲೇ ಲೋಕ ಅದಾಲತ್ತಿನ ಮುಂದೆ ಎರಡು ಪಕ್ಷದವರನ್ನೂ ಕರೆಸುವಂತೆ ಅರ್ಜಿ ಕೊಡಬಹುದು. ಅಲ್ಲಿ ಆದ ರಾಜಿಗೆ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. ಪಾಟೀಸವಾಲೂ ಇಲ್ಲ, ನ್ಯಾಯಾಲಯಶುಲ್ಕವೂ ಇಲ್ಲ. ಒಡವೆ ವಸ್ತುಗಳನ್ನು ಹಿಂದಿರುಗಿಸುವುದರ ಜೊತೆಗೆ, ಎರಡು ಕಡೆಯವರೂ ಪತ್ರಗಳನ್ನೂ ಭಾವಚಿತ್ರಗಳನ್ನೂ ನಾಶಮಾಡಬೇಕು, ಒಬ್ಬರ ವಿಷಯ ಇನ್ನೊಬ್ಬರು ಎಲ್ಲಿಯೂ ಆಡಬಾರದು ಎಂಬ ಷರತ್ತುಗಳನ್ನು ಆ ರಾಜಿಯಲ್ಲಿಯೇ ಬರೆಸಿಕೊಳ್ಳುವುದು ಮೇಲು.